ಆದಿಲ್ ಶಾಹಿ ಕಾಲ ಓದಲು: ಇತಿಹಾಸವೋ, ಕಾದಂಬರಿಯೋ, ಫ್ಯಾಂಟಸಿಯೋ?

ವಿಜಯಪುರದ ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿದ ಮೇಲೆ ಅವನ್ನು ಕಟ್ಟಿಸಿದ ಆದಿಲ್ ಶಾಹಿ ಸುಲ್ತಾನರ ಕಾಲದ ಬಗ್ಗೆ ಯಾರು, ಯಾವಾಗ, ಯಾಕೆ ಎಂದು ತಿಳಿಯಬೇಕಿದ್ದರೆ ಇತಿಹಾಸ ಗ್ರಂಥವನ್ನೇ ಹಿಡಿಯಿರಿ. ಕೊಳ್ಳುವ ಮುನ್ನ ವಂಶಾವಳಿ, ನಕ್ಷೆ, ಅಡಿಟಿಪ್ಪಣಿ ಇವೆಯೇ ನೋಡಿ. 1565ರ ತಾಳಿಕೋಟೆ ಯುದ್ಧದ ಪುಟ ತೆರೆಯಿರಿ: ಸೈನ್ಯದ ಸಂಖ್ಯೆ ಲಕ್ಷಗಟ್ಟಲೆ ಬರೆದು ಆಧಾರ ಕೊಡದಿದ್ದರೆ ಆ ಪುಸ್ತಕ ಬೇಡ. ಇತಿಹಾಸಕಾರ ಫಿರಿಷ್ತಾ ವಿಜಯಪುರದ ಆಸ್ಥಾನದಲ್ಲೇ ಬರೆದವನು ನಿಜ, ಆದರೆ ಯುದ್ಧ ಮುಗಿದು ದಶಕಗಳ ನಂತರ. ಇಸವಿಯನ್ನೂ ಪರೀಕ್ಷಿಸಿ. ಶಕವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಸಾಕು. ಮುಸ್ಲಿಂ ಪಂಚಾಂಗದ ಹಿಜರಿ ವರ್ಷ ಸುಮಾರು 354 ದಿನದ್ದು, ಅಲ್ಲಿ ಒಂದೇ ಅಂಕಿ ಕೂಡಿಸುತ್ತ ಹೋದರೆ ಲೆಕ್ಕ ತಪ್ಪುತ್ತದೆ.

ಐತಿಹಾಸಿಕ ಕಾದಂಬರಿ ದರ್ಬಾರು, ದಂಡು, ಪೇಟೆಯನ್ನು ಕಣ್ಣಿಗೆ ಕಟ್ಟುತ್ತದೆ. ಓದಿನ ರುಚಿ ಹತ್ತಿಸಲು ಇದೇ ಮೇಲು. ಸಂಭಾಷಣೆ ಮಾತ್ರ ಲೇಖಕರದು, ಅದನ್ನು ಪರೀಕ್ಷೆಯಲ್ಲಿ ಬರೆಯಬೇಡಿ. ಬಾದಾಮಿ ಚಾಲುಕ್ಯರ ಊಟದಲ್ಲಿ ಮೆಣಸಿನಕಾಯಿ ಕಂಡರೆ ಉಳಿದ ವಿವರಗಳನ್ನೂ ಅನುಮಾನಿಸಿ; ಆ ಕಾಯಿ ಪೋರ್ಚುಗೀಸರ ಕಾಲದಲ್ಲಿ ಬಂದದ್ದು.

ಫ್ಯಾಂಟಸಿಗೆ ಇಸವಿಯ ಹಂಗಿಲ್ಲ, ತನ್ನದೇ ನಿಯಮದ ಹಂಗಿದೆ. ಮುತ್ತಿಗೆಯಾದ ಕೋಟೆಗೆ ನೀರೆಲ್ಲಿಂದ, ಕುದುರೆಗೆ ಮೇವೆಲ್ಲಿಂದ ಎಂದು ಹೇಳದೆ ಕೊನೆಗೆ ಮಂತ್ರದಿಂದ ಗೆಲ್ಲಿಸಿದರೆ ಕಥೆ ಸಡಿಲ. ಹೈಸ್ಕೂಲು ಮಕ್ಕಳಿಗೆ ಫ್ಯಾಂಟಸಿಯನ್ನೇ ಮೊದಲು ಕೊಡಿ, ಜೊತೆಗೆ ಊರಿಗೆ ನೀರೆಲ್ಲಿಂದ ಎಂದು ತಿಳಿಯಲು ವಿಜಯಪುರದ ಹಳೆಯ ಬಾವಿ ತಾಜ್ ಬಾವಡಿ ತೋರಿಸಿ.