ನೆಟ್‌ವರ್ಕ್ ಬೇಡ, ಜಾಹೀರಾತಿಲ್ಲ: ಮಲೆನಾಡಿನ ಮಳೆಗಾಲಕ್ಕೆ ಸ್ಟಾರ್‌ಡ್ಯೂ ವ್ಯಾಲಿ

ಮೊಬೈಲ್ ಗೇಮ್ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು: ನೆಟ್‌ವರ್ಕ್ ಇಲ್ಲದೆ ನಡೆಯುತ್ತಾ? ಗ್ರಾಫಿಕ್ಸ್, ಕಥೆ, ಹೊಸ ಅಪ್‌ಡೇಟ್ ಎಲ್ಲ ಆಮೇಲೆ. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ದಾಟಿ ಒಳಗೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಕರೆಂಟ್ ಹೋಗುತ್ತದೆ. ಅದರ ಹಿಂದೆಯೇ ಟವರ್ ಕೂಡ ಕೈ ಕೊಡುತ್ತದೆ. ಮಕ್ಕಳಿಗೆ ಶಾಲೆಗೆ ರಜೆ, ತೋಟದಲ್ಲಿ ಕೆಲಸ ನಿಂತಿರುತ್ತದೆ, ಮನೆಯೊಳಗೆ ಎಲ್ಲರೂ ಕೂತಿರುತ್ತಾರೆ. ಆಗ ಆಡಲು ಸಿಗುವ ಆಟ ಬೇಕು. ಹಾಗೆ ಹುಡುಕಿದ್ದರಲ್ಲಿ ನಮ್ಮ ಮನೆಯಲ್ಲಿ ನಿಂತದ್ದು ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಆಟ.

ಇದು ಹೊಸ ಆಟವೇನಲ್ಲ. ಕಂಪ್ಯೂಟರ್‌ಗೆ 2016ರ ಫೆಬ್ರವರಿಯಲ್ಲಿ ಬಂತು, ಐಫೋನ್‌ಗೆ 2018ರ ಅಕ್ಟೋಬರ್‌ನಲ್ಲಿ, ಆಂಡ್ರಾಯ್ಡ್‌ಗೆ 2019ರ ಮಾರ್ಚ್‌ನಲ್ಲಿ. 1.6 ಅನ್ನುವ ದೊಡ್ಡ ಅಪ್‌ಡೇಟ್ ಕಂಪ್ಯೂಟರ್‌ನವರಿಗೆ 2024ರ ಮಾರ್ಚ್‌ನಲ್ಲಿ ಸಿಕ್ಕಿತು. ಮೊಬೈಲ್‌ನವರು ನವೆಂಬರ್‌ವರೆಗೆ ಕಾದೆವು. ಹೊಸ ಹಬ್ಬಗಳು, ಹೊಸ ಬೆಳೆಗಳು, ಶುರುವಿನಿಂದಲೇ ಎರಡು ಕೋಳಿ ಇರುವ ಹುಲ್ಲುಗಾವಲಿನ ಜಮೀನು, ಎಲ್ಲ ಬಂತು. ಇದಕ್ಕೆ ಒಂದು ಪೈಸೆ ಹೆಚ್ಚಿಗೆ ಕೇಳಲಿಲ್ಲ. ಇದನ್ನು ಮಾಡಿದ್ದು ಎರಿಕ್ ಬರೋನ್ ಅನ್ನುವ ಅಮೆರಿಕದ ಹುಡುಗ. ನಾಲ್ಕೂವರೆ ವರ್ಷ ಒಬ್ಬನೇ ಕೂತು ಚಿತ್ರ, ಸಂಗೀತ, ಕಥೆ, ಪ್ರೋಗ್ರಾಮ್ ಎಲ್ಲ ಮಾಡಿದ. ಆಡುವಾಗ ಅದು ಗೊತ್ತಾಗುತ್ತದೆ. ಒಬ್ಬ ಮನುಷ್ಯನ ಕೈಗುಣ ಎಲ್ಲ ಕಡೆ ಕಾಣುತ್ತದೆ.

ಕಥೆ ಸರಳ. ಪಟ್ಟಣದ ಜೋಜಾ ಅನ್ನುವ ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇಸತ್ತವರಿಗೆ ಅಜ್ಜ ಬಿಟ್ಟುಹೋದ ಪತ್ರ ಸಿಗುತ್ತದೆ. ಪೆಲಿಕನ್ ಟೌನ್ ಅನ್ನುವ ಹಳ್ಳಿಯಲ್ಲಿ ಅಜ್ಜನ ಜಮೀನಿದೆ, ಕಳೆ ಕಲ್ಲು ತುಂಬಿ ಪಾಳು ಬಿದ್ದಿದೆ. ಅಲ್ಲಿಗೆ ಹೋಗಿ ಸಾಗುವಳಿ ಶುರು ಮಾಡಬೇಕು. ನಮ್ಮ ಕಡೆ ಇದನ್ನು ವಿವರಿಸಿ ಹೇಳಬೇಕಾ? ಮಕ್ಕಳೆಲ್ಲ ಬೆಂಗಳೂರು ಸೇರಿ, ಇಬ್ಬರೇ ವಯಸ್ಸಾದವರು ಉಳಿದಿರುವ ದೊಡ್ಡ ದೊಡ್ಡ ಮನೆಗಳು ನಮ್ಮೂರಲ್ಲೇ ಎಷ್ಟಿವೆ. ಕೊರೊನಾ ಸಮಯದಲ್ಲಿ ವಾಪಸ್ ಬಂದು ತೋಟಕ್ಕೆ ಇಳಿದವರೂ ಇದ್ದಾರೆ. ಅವರಿಗೆ ಈ ಆಟದ ಮೊದಲ ಐದು ನಿಮಿಷ ಎದೆಗೆ ತಾಗುತ್ತದೆ. ನನಗೂ ತಾಗಿತು.

ಕೈಯಲ್ಲಿ 500 ನಾಣ್ಯ, ಊರ ಪ್ರಮುಖ ಕೊಟ್ಟ, ಪಾರ್ಸ್‌ನಿಪ್ ಅನ್ನುವ ಗಡ್ಡೆ ತರಕಾರಿಯ 15 ಬೀಜ, ಒಂದಿಷ್ಟು ಸಲಕರಣೆ. ಇಷ್ಟರಿಂದ ಶುರು. ವರ್ಷಕ್ಕೆ ನಾಲ್ಕು ಋತು, ಒಂದೊಂದಕ್ಕೂ 28 ದಿನ. ಆಟದ ಒಂದು ದಿನಕ್ಕೆ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಅನ್ನಕ್ಕೆ ಇಟ್ಟು ಒಂದು ದಿನ ಆಡಿ ಮುಗಿಸಿ ಏಳಬಹುದು, ಅಷ್ಟು ಹದವಾಗಿದೆ. ಋತು ಮುಗಿದ ದಿನ ಆ ಋತುವಿನ ಬೆಳೆ ಒಣಗಿ ಹೋಗುತ್ತದೆ. ಹಾಗಾಗಿ ಬೀಜ ಕೊಳ್ಳುವಾಗಲೇ ದಿನ ಎಣಿಸಬೇಕು. ಆಲೂಗಡ್ಡೆಗೆ 6 ದಿನ, ಹೂಕೋಸಿಗೆ 12. ಹೂಕೋಸಿನ ಬೀಜ 80 ನಾಣ್ಯ, ಮಾರಿದರೆ 175. ಲಾಭ ಚೆನ್ನಾಗಿದೆ, ಆದರೆ 16ನೇ ತಾರೀಕು ದಾಟಿದ ಮೇಲೆ ಹಾಕಿದರೆ ಬೀಜದ ದುಡ್ಡೂ ಹೋಯಿತು.

ನನಗೆ ತುಂಬಾ ಹಿಡಿಸಿದ್ದು ಸ್ಟ್ರಾಬೆರಿ ಲೆಕ್ಕ. ಇದರ ಬೀಜ ಅಂಗಡಿಯಲ್ಲಿ ದಿನಾ ಸಿಗುವುದಿಲ್ಲ. ವಸಂತದ 13ನೇ ದಿನ ಊರಲ್ಲಿ ಮೊಟ್ಟೆ ಹಬ್ಬ ಇರುತ್ತದೆ, ಅಲ್ಲಿ ಒಂದಕ್ಕೆ 100ರಂತೆ ಮಾರುತ್ತಾರೆ. ಅವತ್ತು ರಾತ್ರಿಯೇ ನೆಟ್ಟರೆ 8 ದಿನಕ್ಕೆ ಮೊದಲ ಕೊಯ್ಲು, ಮತ್ತೆ 4 ದಿನಕ್ಕೆ ಇನ್ನೊಂದು, ಅಷ್ಟರಲ್ಲಿ ಋತು ಮುಗಿಯುತ್ತದೆ. ಹಣ್ಣಿಗೆ 120. ಎರಡು ಕೊಯ್ಲಿಗೆ 240. ಆದರೆ ಆ ಬೀಜವನ್ನು ಪೆಟ್ಟಿಗೆಯಲ್ಲಿ ಕಾಪಿಟ್ಟು ಮುಂದಿನ ವಸಂತದ ಮೊದಲ ದಿನವೇ ಹಾಕಿದರೆ ಐದು ಕೊಯ್ಲು ಸಿಗುತ್ತದೆ. ನನ್ನ ಮಗ ಎಂಟನೇ ಕ್ಲಾಸು. ಗಣಿತದ ಪುಸ್ತಕ ಕಂಡರೆ ದೂರ ಓಡುವವನು ಇದನ್ನು ಹಳೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೋಷ್ಟಕ ಹಾಕಿ ಬಿಡಿಸಿದ. ಅರ್ಧ ಬೀಜ ಈಗ, ಅರ್ಧ ಮುಂದಿನ ವರ್ಷಕ್ಕೆ ಅಂತ ಅವನೇ ತೀರ್ಮಾನ ಮಾಡಿದ. ಈಗ ಕೈಗೆ ಬರುವ ದುಡ್ಡೋ, ಬರುವ ವರ್ಷದ ಫಸಲೋ ಅನ್ನುವುದು ನಾವು ದೊಡ್ಡವರು ಜಗಲಿಯಲ್ಲಿ ಕೂತು ವರ್ಷವರ್ಷ ಮಾಡುವ ಚರ್ಚೆ. ಅವನು ಅದಕ್ಕೆ ಇಷ್ಟು ಬೇಗ ಬಂದದ್ದು ನೋಡಿ ಖುಷಿಯಾಯಿತು.

ಇನ್ನೊಂದು ಸಣ್ಣ ವಿಷಯ ಹೇಳುತ್ತೇನೆ. ನೀರು ಹಾಕುವ ಕ್ಯಾನನ್ನು ಕಮ್ಮಾರನಿಗೆ ಕೊಟ್ಟು ಮೇಲ್ದರ್ಜೆಗೆ ಏರಿಸಿಕೊಳ್ಳಬಹುದು. ತಾಮ್ರದ್ದು ಬೇಕಾದರೆ 5 ತಾಮ್ರದ ಗಟ್ಟಿ, 2000 ನಾಣ್ಯ. ಆದರೆ ಕೊಟ್ಟರೆ ಎರಡು ದಿನ ಕ್ಯಾನ್ ಕೈಯಲ್ಲಿರುವುದಿಲ್ಲ. ಗಿಡಕ್ಕೆ ನೀರು ಯಾರು ಹಾಕುವುದು? ಮನೆಯ ಟೀವಿಯಲ್ಲಿ ನಾಳೆಯ ಹವಾಮಾನ ಬರುತ್ತದೆ. ಮಳೆ ಬಂದ ದಿನ ಗಿಡಕ್ಕೆ ತಾನೇ ನೀರಾಗುತ್ತದೆ. ಹಾಗಾಗಿ ನಾಳೆ ಮಳೆ ಅಂದ ದಿನ ಬೆಳಿಗ್ಗೆ ನೀರು ಹಾಕಿ ಮುಗಿಸಿ, ಸೀದಾ ಕಮ್ಮಾರನ ಅಂಗಡಿಗೆ ಹೋಗಬೇಕು. ಆಕಾಶ ನೋಡಿ ಕೆಲಸ ಹೊಂದಿಸಿಕೊಳ್ಳುವ ಈ ಬುದ್ಧಿಯನ್ನು ಆಟ ಎಲ್ಲೂ ಹೇಳಿಕೊಡುವುದಿಲ್ಲ. ಆಡುತ್ತಾ ಆಡುತ್ತಾ ತಾನಾಗಿ ಹೊಳೆಯುತ್ತದೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಮಳೆ ಬಿಟ್ಟು ಎರಡು ದಿನ ಹೊಳವು ಸಿಗಲಿ ಅಂತ ಕಾಯುವ ನಮಗೆ ಬೇಗ ಹೊಳೆಯುತ್ತದೆ.

ನಮ್ಮ ಅತ್ತೆಗೆ ಮೊಬೈಲ್ ಅಂದರೆ ಆಗುವುದಿಲ್ಲ. ಆದರೂ ಪಕ್ಕದಲ್ಲಿ ಕೂತು ಇದನ್ನು ನೋಡುತ್ತಾರೆ. ಹೊಲದಲ್ಲಿ ಬೆರ್ಚಪ್ಪ ನಿಲ್ಲಿಸಿದರೆ ಕಾಗೆ ಬರುವುದಿಲ್ಲ ಅಂತ ಮಗ ವಿವರಿಸಿದಾಗ ಅವರು ಕೇಳಿದ್ದು, “ಇವ್ರ ತೋಟಕ್ಕೆ ಮಂಗ ಬರಲ್ವೇನೇ?” ಬರುವುದಿಲ್ಲ. ಹಂದಿ ಇಲ್ಲ, ಕಾಡುಕೋಣ ಇಲ್ಲ. ಕೊಳೆ ರೋಗ ಇಲ್ಲ, ಎಲೆಚುಕ್ಕಿ ಇಲ್ಲ. ಬೆಲೆಯೂ ಅಷ್ಟೇ. ಶಿವಮೊಗ್ಗ ಮಂಡಿಯಲ್ಲಿ ರಾಶಿ ಇಡಿ ಅಡಿಕೆಗೆ ಈ ವಾರ ಒಂದು ರೇಟು, ಬರುವ ವಾರ ಇನ್ನೊಂದು. ಇಲ್ಲಿ ಹೂಕೋಸು ಮೊದಲ ವರ್ಷವೂ 175, ಹತ್ತನೇ ವರ್ಷವೂ 175. ಗುಣಮಟ್ಟ ಒಳ್ಳೆಯದಿದ್ದರೆ ಸ್ವಲ್ಪ ಜಾಸ್ತಿ, ಅಷ್ಟೇ. ಬೇಸಾಯ ಗೊತ್ತಿರುವವರ ಕಣ್ಣಿಗೆ ಇದು ಆಟದ ದೊಡ್ಡ ಕೊರತೆ. ಬೆಲೆ ಏರಿಳಿತ ಒಂದಿದ್ದಿದ್ದರೆ ಯಾವ ಬೆಳೆ ಹಾಕಬೇಕು ಅನ್ನುವ ಪ್ರಶ್ನೆಗೆ ಇನ್ನೂ ತೂಕ ಬರುತ್ತಿತ್ತು. ಈಗ ಒಂದೆರಡು ವರ್ಷ ಆಡಿದ ಮೇಲೆ ಉತ್ತರ ಬಾಯಿಪಾಠ ಆಗಿಬಿಡುತ್ತದೆ.

ಅತ್ತೆ ಮೆಚ್ಚಿದ ಭಾಗ ಬೇರೆ ಇದೆ. ಬೇಸಾಯದ ಅನುಭವ ಹೆಚ್ಚಿದಂತೆ ಜಾಡಿ ಮಾಡುವುದು ಗೊತ್ತಾಗುತ್ತದೆ. ಮರ, ಕಲ್ಲು, ಇದ್ದಿಲು ಇದ್ದರೆ ಸಾಕು. ತರಕಾರಿ ಹಾಕಿದರೆ ಎರಡು ಮೂರು ದಿನಕ್ಕೆ ಉಪ್ಪಿನಕಾಯಿ, ಹಣ್ಣು ಹಾಕಿದರೆ ಜೆಲ್ಲಿ. ಬೆಲೆ ಮೂಲದ ಎರಡು ಪಟ್ಟು, ಅದರ ಮೇಲೆ 50. ಅಂದರೆ 175ರ ಹೂಕೋಸು 400 ಆಗುತ್ತದೆ. 50ರ ಬ್ಲೂಬೆರಿ 150. ಸಣ್ಣ ಬೆಲೆಯ ಹಣ್ಣಿಗೇ ಜಾಡಿಯಿಂದ ಹೆಚ್ಚು ಪಟ್ಟು ಲಾಭ ಅನ್ನುವುದು ಆಗ ಗೊತ್ತಾಯಿತು. ಅಪ್ಪೆಮಿಡಿಯನ್ನು ಹಾಗೇ ಮಾರಿದರೆ ಏನು ಸಿಗುತ್ತದೆ, ಉಪ್ಪಿನಕಾಯಿ ಹಾಕಿ ಮಾರಿದರೆ ಏನು ಸಿಗುತ್ತದೆ ಅಂತ ಬಲ್ಲ ಮನೆಗಳಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಸ್ಪ್ರಿಂಕ್ಲರ್ ಕೂಡ ಇದೆ. ಶುರುವಿನದು ಸುತ್ತಲಿನ 4 ಚೌಕಕ್ಕೆ, ಮುಂದಿನದು 8 ಚೌಕಕ್ಕೆ ನೀರು ಹಾಕುತ್ತದೆ. ಅಲ್ಲಿಂದ ಕ್ಯಾನ್ ಹಿಡಿದು ಓಡಾಡುವುದು ತಪ್ಪಿ, ಕಾಡು, ಗಣಿ, ಊರು ಸುತ್ತಲು ಸಮಯ ಸಿಗುತ್ತದೆ.

ಊರಿನ ಕಥೆಯೂ ಚೆನ್ನಾಗಿದೆ. ಪಾಳು ಬಿದ್ದ ಸಮುದಾಯ ಭವನವನ್ನು ಸರಿ ಮಾಡಲು ಒಂದೊಂದು ಋತುವಿನಲ್ಲೂ ಬೆಳೆದದ್ದು, ಕಾಡಿನಲ್ಲಿ ಹೆಕ್ಕಿದ್ದು, ಹಿಡಿದ ಮೀನು ಎಲ್ಲ ತಂದು ಒಪ್ಪಿಸಬೇಕು. ಬೇಡ ಅಂದರೆ ಜೋಜಾ ಮಾರ್ಟಿಗೆ 5000 ನಾಣ್ಯ ಕಟ್ಟಿ ಸದಸ್ಯರಾಗಬಹುದು. ಆಗ ಭವನ ಹೋಗಿ ಕಂಪನಿಯ ಗೋದಾಮು ಬರುತ್ತದೆ, ಸೌಲಭ್ಯಗಳನ್ನೆಲ್ಲ ದುಡ್ಡು ಕೊಟ್ಟು ಮಾಡಿಸಿಕೊಳ್ಳಬಹುದು. ನಾವು ಭವನವನ್ನೇ ಆರಿಸಿಕೊಂಡೆವು. ಕಳಲೆ, ಅಣಬೆ ಹುಡುಕಿ ಕಾಡು ಸುತ್ತಿದವರಿಗೆ ಹೆಕ್ಕುವ ಭಾಗದಲ್ಲಿ ಕಷ್ಟ ಇಲ್ಲ. ಮೀನು ಮಾತ್ರ ಕಷ್ಟ. ಪರದೆಯಲ್ಲಿ ಹಸಿರು ಪಟ್ಟಿ ಮೇಲೆ ಕೆಳಗೆ ಓಡುತ್ತದೆ, ಮೀನು ಅದರೊಳಗೇ ಇರುವಂತೆ ಬೆರಳು ಒತ್ತಿ ಬಿಟ್ಟು ಮಾಡಬೇಕು. ಫೋನ್‌ನಲ್ಲಿ ಇದು ನಿಜಕ್ಕೂ ಬೇಸರ ತರಿಸುತ್ತದೆ. ಮೊದಲ ಮಳೆಗೆ ನೀರಿನೆದುರು ಹತ್ತಿ ಬರುವ ಹತ್ತುಮೀನು ಹಿಡಿದು ಬೆಳೆದ ನಮ್ಮ ಮೈದುನನಿಗೆ ಮಾತ್ರ ಅದೇ ಇಷ್ಟ. ಕ್ಯಾಟ್‌ಫಿಶ್ ಹೊಳೆಯಲ್ಲಿ ಮಳೆ ಬಂದ ದಿನವೇ ಸಿಗುತ್ತದೆ ಅಂತ ಗೊತ್ತಾದ ಮೇಲೆ ಮಳೆ ದಿನಗಳಲ್ಲಿ ಫೋನ್ ಅವನ ಕೈಯಲ್ಲಿ.

ದುಡ್ಡಿನ ವಿಷಯ. ಇದು ಕೊಂಡು ಆಡುವ ಆಟ. ಆಂಡ್ರಾಯ್ಡ್‌ನಲ್ಲಿ ನಾವು ಕೊಟ್ಟದ್ದು ಐನೂರರ ನೋಟಿನೊಳಗೇ. ಯುಪಿಐನಲ್ಲಿ ಕಟ್ಟಬಹುದು. ಅದಾದ ಮೇಲೆ ಆಟದೊಳಗೆ ನಿಜವಾದ ದುಡ್ಡು ಕೊಟ್ಟು ಕೊಳ್ಳುವ ಅಂಗಡಿ ಇಲ್ಲ, ವಜ್ರ ಇಲ್ಲ, ಜಾಹೀರಾತು ಇಲ್ಲ. ಬೇಸಾಯದ ಬಿಟ್ಟಿ ಆಟಗಳು ಬೇಕಾದಷ್ಟಿವೆ. ಹೇ ಡೇ 2012ರಿಂದ ಇದೆ, ನೋಡಲು ತುಂಬಾ ಚಂದ. ಆದರೆ ಅದಕ್ಕೆ ಇಂಟರ್‌ನೆಟ್ ಬೇಕೇ ಬೇಕು. ಗೋಧಿಗೆ 2 ನಿಮಿಷ, ಮೆಕ್ಕೆಜೋಳಕ್ಕೆ 5 ನಿಮಿಷ ಅಂತ ನಿಜವಾದ ಗಡಿಯಾರದಲ್ಲಿ ಕಾಯಬೇಕು, ದೊಡ್ಡ ಬೆಳೆಗಳಿಗೆ ಗಂಟೆಗಟ್ಟಲೆ. ಕಾಯಲಾಗದಿದ್ದರೆ ವಜ್ರ ಖರ್ಚು ಮಾಡಬೇಕು. ಬಿಟ್ಟಿ ಆಟ ಅಂದರೆ ನನಗೆ ಇನ್ನೊಂದು ಭಯ ಜಾಹೀರಾತಿನದು. ಮಗ ಆಡುತ್ತಿದ್ದ ಒಂದು ಆಟದ ನಡುವೆ ದುಡ್ಡು ಕಟ್ಟಿ ಆಡುವ ಇಸ್ಪೀಟಿನ ಜಾಹೀರಾತು ಬಂದು ಬಂದು ಕೊನೆಗೆ ಅದನ್ನು ತೆಗೆಸಿಯೇ ಹಾಕಿದೆ. ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಕಾಯ್ದೆ ತಂದು ನಿಷೇಧಿಸಿದ್ದು ತುಂಬಾ ಒಳ್ಳೆಯದಾಯಿತು. ಅಡಿಕೆ ಸುಲಿದ ಕೂಲಿ ದುಡ್ಡನ್ನು ಅದರಲ್ಲಿ ಕಳೆದುಕೊಂಡ ಹುಡುಗರನ್ನು ನಮ್ಮ ಸುತ್ತಲೇ ನೋಡಿದ್ದೇನೆ. ಮಕ್ಕಳ ಕೈಗೆ ಫೋನ್ ಕೊಡುವ ಅಪ್ಪ ಅಮ್ಮಂದಿರು ಒಂದು ಸಲ ದುಡ್ಡು ಕೊಟ್ಟು ಇಂಥ ಆಟ ಹಾಕಿಕೊಡುವುದು ಎಷ್ಟೋ ವಾಸಿ.

ಫೋನ್‌ಗೆ ತಕ್ಕ ಹಾಗೆ ನಿಯಂತ್ರಣಗಳನ್ನು ಬದಲಿಸಿದ್ದಾರೆ. ಕಲ್ಲು ಮುಟ್ಟಿದರೆ ಪಿಕಾಸಿ ತಾನೇ ಕೈಗೆ ಬರುತ್ತದೆ, ಮರ ಮುಟ್ಟಿದರೆ ಕೊಡಲಿ. ಗಣಿಯಲ್ಲಿ ವಿಚಿತ್ರ ಜೀವಿಗಳ ಜೊತೆ ಹೊಡೆದಾಟವೂ ಬೇಕಾದರೆ ತಾನಾಗಿ ನಡೆಯುತ್ತದೆ. ಸಣ್ಣ ಪರದೆಯ ಫೋನ್‌ನಲ್ಲಿ ಅಕ್ಷರ ಓದುವುದು ಕಷ್ಟ. ಗಿಡಗಳ ನಡುವೆ ಬೆರಳಿಟ್ಟರೆ ಪಕ್ಕದ ಚೌಕಕ್ಕೆ ನೀರು ಬೀಳುವುದೂ ಉಂಟು. ಜೂಮ್ ಹೆಚ್ಚಿಸಿಕೊಂಡರೆ ಸ್ವಲ್ಪ ಅನುಕೂಲ. ಕನ್ನಡ ಇಲ್ಲ, ಮಾತು ಜಾಸ್ತಿ ಇದೆ, ಹಾಗಾಗಿ ಸಣ್ಣ ಮಕ್ಕಳ ಜೊತೆ ದೊಡ್ಡವರು ಕೂರಬೇಕು. ದಿನದ ಕೆಲಸ ಗಟ್ಟಿಯಾಗಿ ಉಳಿಯುವುದು ಆಟದ ಮನುಷ್ಯ ರಾತ್ರಿ ಮಲಗಿದ ಮೇಲೆ. ಬ್ಯಾಟರಿ ಕೆಂಪಾಗಿದ್ದರೆ ಮೊದಲು ಮಲಗಿಸಿ. ಗಡಿಬಿಡಿಯ ಆಟ, ಗುಂಡಿನ ಶಬ್ದ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ನಿಧಾನಕ್ಕೆ ಬೆಳೆಯುವುದನ್ನು ನೋಡುವ ತಾಳ್ಮೆ ಇದ್ದರೆ ಮಾತ್ರ ತಗೊಳ್ಳಿ.

ತಗೊಳ್ಳುವುದಾದರೆ ಮೃಗಶಿರ ಮಳೆಗೆ ಮುಂಚೆಯೇ, ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಹೋದಾಗ ಒಳ್ಳೆ ಸಿಗ್ನಲ್ ಇರುವ ಕಡೆ ಇಳಿಸಿಕೊಳ್ಳಿ. ಅಲ್ಲೇ ಒಂದು ಸಲ ತೆರೆದು ಮೊದಲ ದಿನ ಆಡಿ ನೋಡಿ, ಆಮೇಲೆ ಮನೆಗೆ ಹೊರಡಿ. ಫೋನ್ ಬದಲಿಸುವ ಯೋಚನೆ ಇದ್ದರೆ ಅದನ್ನು ಮೊದಲೇ ಮುಗಿಸಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಜಮೀನೆಲ್ಲ ಆ ಫೋನ್‌ನೊಳಗೇ ಇರುತ್ತದೆ, ಆ್ಯಪ್ ತೆಗೆದು ಹಾಕಿದರೆ ಅದರ ಜೊತೆಗೇ ಹೋಗುತ್ತದೆ.