ಗಂಗಾವತಿಯ ಅಕ್ಕಿ ಗಿರಣಿಗೆ ಯಾವುದು: ಷೀಲ್ಡ್ ಕೇಬಲ್ಲೋ, ಫೈಬರೋ?

ಮೋಟರ್ ಶುರುವಾದೊಡನೆ ಕ್ಯಾಮೆರಾ ಚಿತ್ರ ನಿಂತುಹೋದರೆ ಕ್ಯಾಮೆರಾವನ್ನು ಬೈಯಬೇಡಿ. ಮೋಟರಿನ ವೇಗ ಬದಲಿಸುವ ಡ್ರೈವ್ ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಕಡಿದು ಜೋಡಿಸುತ್ತದೆ; ಆ ವಿದ್ಯುತ್ ಗದ್ದಲ ಪಕ್ಕದಲ್ಲಿರುವ ಕ್ಯಾಮೆರಾದ ತಾಮ್ರದ ತಂತಿಗೂ ಹತ್ತುತ್ತದೆ. ಅದನ್ನು ತಡೆಯಲು ಎರಡು ದಾರಿ.

ಮೊದಲನೆಯದು ಷೀಲ್ಡ್, ಅಂದರೆ ಲೋಹದ ಕವಚ, ಇರುವ ಈಥರ್ನೆಟ್ (ನೆಟ್‌ವರ್ಕ್) ಕೇಬಲ್. ಇದನ್ನು ಊರಿನ ಎಲೆಕ್ಟ್ರಿಷಿಯನ್ನರೇ ಎಳೆದುಕೊಡುತ್ತಾರೆ. ಉದ್ದದ ಮಿತಿ 100 ಮೀಟರ್. ಲೋಹದ ಕವಚವನ್ನು ಅರ್ಥಿಂಗ್‌ಗೆ ಸೇರಿಸದೆ ಪ್ಲಾಸ್ಟಿಕ್ ಕನೆಕ್ಟರ್ ಒತ್ತಿಬಿಟ್ಟರೆ (ಹಾಗೆ ಒತ್ತುವವರಿದ್ದಾರೆ) ಕೊಟ್ಟ ಹಣ ದಂಡ. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆಯಾಗಿದ್ದರೆ ಕವಚದಲ್ಲೇ ಕರೆಂಟ್ ಹರಿದೀತು.

ಎರಡನೆಯದು ಫೈಬರ್, ಅಂದರೆ ಗಾಜಿನ ಎಳೆ. ಅದರಲ್ಲಿ ಹರಿಯುವುದು ಬೆಳಕು. ಡ್ರೈವ್, ವೆಲ್ಡಿಂಗ್ ಯಾವುದರ ಗದ್ದಲವೂ ಅದಕ್ಕೆ ತಾಗದು. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ವಿದ್ಯುತ್ ಸಂಕೇತವನ್ನು ಬೆಳಕಿಗೂ ಬೆಳಕನ್ನು ವಿದ್ಯುತ್ತಿಗೂ ಬದಲಿಸುವ ಪೆಟ್ಟಿಗೆ) ಬೇಕು. ತುಂಡಾದರೆ ಎಳೆ ಬೆಸೆಯುವ ಸ್ಪ್ಲೈಸಿಂಗ್ ಯಂತ್ರದವರನ್ನು ಕಾಯಬೇಕು.

ಕಚೇರಿಯೊಳಗೆ ತಾಮ್ರವೇ ಸಾಕು. ಮೋಟರ್ ತಂತಿಯನ್ನು ದಾಟಲೇಬೇಕಾದರೆ ಲಂಬಕೋನದಲ್ಲಿ ಅಡ್ಡಕ್ಕೆ ದಾಟಿಸಿ, ಜೊತೆಜೊತೆಗೆ ಎಳೆಯಬೇಡಿ. ಗಿರಣಿಯಿಂದ ಗೋದಾಮಿಗಾದರೆ ಫೈಬರ್, ಎರಡು ಮಾತಿಲ್ಲ.