ದುಡ್ಡು ಕೊಟ್ಟು ಹೋದ ಮೂರು ವಾರ, ದುಡ್ಡು ಕೊಟ್ಟು ಕಲಿಸಿದ ಎರಡು ತಿಂಗಳು

ಬೇಸಿಗೆ ರಜೆಯಲ್ಲಿ ರಿಸರ್ಚ್ ಕಲಿಯಲು ದುಡ್ಡು ಕಟ್ಟಿ ಖಾಸಗಿ ಪ್ರೋಗ್ರಾಂಗೆ ಹೋಗಬೇಕಾ, ಸ್ಟೈಪೆಂಡ್ ಕೊಡುವ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಬೇಕಾ? ನನ್ನ ಓಟು ಫೆಲೋಶಿಪ್‌ಗೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬಿಎಸ್ಸಿ ಮೊದಲ ವರ್ಷದ ಕೊನೆಗೆ ಒಂದು ಖಾಸಗಿ ಸಮ್ಮರ್ ರಿಸರ್ಚ್ ಪ್ರೋಗ್ರಾಂಗೆ ಹೋಗಿದ್ದೆ. ಎರಡನೇ ವರ್ಷದ ಕೊನೆಗೆ ಈ ಫೆಲೋಶಿಪ್ ಸಿಕ್ಕಿ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎರಡು ತಿಂಗಳು ಕೆಲಸ ಮಾಡಿದೆ. ಈಗ ನಮ್ಮ ಬೀದಿಯ ಆಂಟಿಯರು ಕೇಳುತ್ತಿದ್ದಾರೆ, "ಅಷ್ಟೊಂದು ಕೊಟ್ಟು ಮಕ್ಕಳನ್ನ ಕಳಿಸಬಹುದಾಮ್ಮ?" ಅಂತ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಖಾಸಗಿ ಪ್ರೋಗ್ರಾಂನ ಫೀಸು 78,000 ರೂಪಾಯಿ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 92,040. ಅಪ್ಪನಿಗೆ ರಾಜಾಜಿನಗರದಲ್ಲಿ ಸಣ್ಣ ಎಲೆಕ್ಟ್ರಿಕಲ್ ಅಂಗಡಿ ಇದೆ. ಚೀಟಿ ಎತ್ತಿ ಕೊಟ್ಟರು. ಕ್ಯಾಂಪಸ್ಸು ದೇವನಹಳ್ಳಿ ಕಡೆ, ಅಲ್ಲೇ ಹಾಸ್ಟೆಲ್. ಊಟ ಚೆನ್ನಾಗಿತ್ತು. ಒಳ್ಳೆ ಗೆಳತಿಯರು ಸಿಕ್ಕಿದರು. ಪೈಥಾನ್ ಕಲಿಸಿದ ಮೇಡಂ ಅಷ್ಟು ತಾಳ್ಮೆಯಿಂದ ಹೇಳಿಕೊಟ್ಟರು, ಮುಂದಿನ ವರ್ಷ ಗ್ರಾಫ್ ಹಾಕುವಾಗೆಲ್ಲ ಅವರನ್ನು ನೆನೆಸಿಕೊಂಡೆ.

ಎಡವಟ್ಟಾಗಿದ್ದು ಪರೀಕ್ಷೆಯ ವಿಷಯದಲ್ಲಿ. ಪ್ರೋಗ್ರಾಂ ಜೂನ್‌ನಲ್ಲಿ ಮೂರು ವಾರ. ನಮ್ಮ ಎರಡನೇ ಸೆಮಿಸ್ಟರ್ ಪರೀಕ್ಷೆ ಮೇ ಕೊನೆಗೇ ಮುಗಿಯಬೇಕಿತ್ತು, ಆ ಲೆಕ್ಕದ ಮೇಲೆ ದುಡ್ಡು ಕಟ್ಟಿದ್ದೆವು. ಶುರುವಾಗಲು 12 ದಿನ ಇದ್ದಾಗ ಹೊಸ ವೇಳಾಪಟ್ಟಿ ಬಂತು. ಮೂರು ಥಿಯರಿ, ಒಂದು ಪ್ರಾಕ್ಟಿಕಲ್ ಜೂನ್‌ಗೆ ಹೋದವು. ನಾಲ್ಕೂ ಪ್ರೋಗ್ರಾಂ ನಡೆಯುವ ದಿನಗಳಲ್ಲೇ.

ಫೋನ್ ಮಾಡಿದೆ. ಬ್ಯಾಚ್ ಬದಲಿಸಲು ಆಗಲ್ಲ ಅಂದರು. ದುಡ್ಡು ವಾಪಸ್ ಬೇಕಿದ್ದರೆ 30 ದಿನ ಮೊದಲೇ ಹೇಳಬೇಕಿತ್ತಂತೆ. ಪರೀಕ್ಷೆ ಮುಂದೆ ಹೋಗುತ್ತದೆ ಅಂತ 30 ದಿನ ಮೊದಲು ನನಗೆ ಹೇಗೆ ಗೊತ್ತಾಗಬೇಕು? ಅಪ್ಪ ಅಂಗಡಿ ಮುಚ್ಚಿ ಖುದ್ದಾಗಿ ಹೋಗಿ ಕೇಳಿಕೊಂಡರು. ಫಾರ್ಮ್‌ನಲ್ಲಿದ್ದ ನಿಯಮ ತೋರಿಸಿ ಕಳಿಸಿದರು.

ಆಮೇಲೆ ಆ ನಾಲ್ಕು ದಿನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ದೇವನಹಳ್ಳಿಯಿಂದ ಮೆಜೆಸ್ಟಿಕ್ ಬಸ್ ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಪರೀಕ್ಷೆಗೆ ಹೋದೆ. ಹೆಬ್ಬಾಳದಲ್ಲಿ ಬಸ್ ನಿಂತಾಗೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ರಾತ್ರಿ ಓದಲು ರೂಮಿನಲ್ಲಿ ಜಾಗ ಇರಲಿಲ್ಲ, ಕಾರಿಡಾರ್‌ನಲ್ಲಿ ಕೂತು ಓದಿದೆ. ಕೊನೆಗೆ ಏನಾಯಿತು ಗೊತ್ತಾ? 18 ದಿನದಲ್ಲಿ 14 ದಿನ ಹಾಜರಿ, ಅಂದರೆ ಸುಮಾರು 78 ಪರ್ಸೆಂಟ್. ಅವರಿಗೆ ಬೇಕಿದ್ದದ್ದು 80. ಪೂರ್ತಿ ಮುಗಿಸಿದವರ ಸರ್ಟಿಫಿಕೇಟ್ ನನಗೆ ಕೊಡಲಿಲ್ಲ, ಸುಮ್ನೆ ಭಾಗವಹಿಸಿದ್ದಾರೆ ಅಂತ ಒಂದು ಹಾಳೆ ಕೊಟ್ಟರು. ಅದನ್ನು ನೋಡಿ ಅಪ್ಪ ಏನೂ ಮಾತಾಡಲಿಲ್ಲ. ಅದು ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ರಿಸರ್ಚ್ ಅಂದಿದ್ದರಲ್ಲ, ಅದು ಆರು ಜನರ ಗುಂಪಿಗೆ ಮೊದಲೇ ರೆಡಿ ಮಾಡಿಟ್ಟ ಡೇಟಾ. ಎಲ್ಲ ಗುಂಪಿಗೂ ಒಂದೇ ಉತ್ತರ ಬಂತು.

ಇನ್ನು ಫೆಲೋಶಿಪ್. ಇದನ್ನು ಮೂರು ಅಕಾಡೆಮಿಗಳು ಸೇರಿ ನಡೆಸುತ್ತವೆ: ನಮ್ಮ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯದೊಂದು, ಪ್ರಯಾಗ್‌ರಾಜ್‌ನದೊಂದು. ಬೆಂಗಳೂರಿನದನ್ನು 1934ರಲ್ಲಿ ಕಟ್ಟಿದ್ದು ಸಿ.ವಿ. ರಾಮನ್. ಏನು ಕಲಿಯಬೇಕು ಅಂತ ಬರೆದು, ಮೇಷ್ಟ್ರಿಂದ ಶಿಫಾರಸು ಪತ್ರ ಹಾಕಿಸಿ ಅರ್ಜಿ ಕಳಿಸಿದೆ. ಆಯ್ಕೆಯಾದರೆ ಎರಡು ತಿಂಗಳು ಸ್ಟೈಪೆಂಡ್ ಕೊಡುತ್ತಾರೆ.

ನನಗೆ ಸಿಕ್ಕಿದ್ದು ರಾಮನ್ ಸಂಸ್ಥೆಯ ದ್ರವ ಹರಳಿನ ಲ್ಯಾಬ್. ಎಲ್‌ಸಿಡಿ ಪರದೆಯ ಒಳಗಿರುತ್ತಲ್ಲ, ಆ ಜಾತಿಯ ವಸ್ತು. ತಟ್ಟೆಯಾಕಾರದ ಅಣುಗಳಿಂದಲೂ ದ್ರವ ಹರಳು ಆಗುತ್ತದೆ ಅಂತ 1977ರಲ್ಲಿ ವಿಜ್ಞಾನಿ ಎಸ್. ಚಂದ್ರಶೇಖರ್ (ನೊಬೆಲ್ ಪಡೆದ ಚಂದ್ರಶೇಖರ್ ಅಲ್ಲ) ಮತ್ತು ಜೊತೆಯವರು ತೋರಿಸಿದ್ದು ಇದೇ ಸಂಸ್ಥೆಯಲ್ಲಿ. ನನ್ನ ಕೆಲಸ ತುಂಬ ಸಣ್ಣದು. 5ಸಿಬಿ ಅನ್ನುವ ವಸ್ತುವನ್ನು ಎರಡು ಗಾಜಿನ ನಡುವೆ ತುಂಬಿ, ಮೆಲ್ಲಗೆ ಬಿಸಿ ಮಾಡುತ್ತಾ ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕು. ಬಣ್ಣ ಬಣ್ಣವಾಗಿ ಕಾಣುತ್ತಿದ್ದದ್ದು 35 ಡಿಗ್ರಿ ಹತ್ತಿರ ಬಂದಾಗ ಒಂದು ಕಡೆಯಿಂದ ಕಪ್ಪಾಗುತ್ತಾ ಹೋಗುತ್ತದೆ. ಮೊದಲ ಸಲ ನೋಡಿದಾಗ ಮೈ ಜುಂ ಅಂದಿತು. ಆದರೆ ಸರಿಯಾಗಿ ಎಷ್ಟು ಡಿಗ್ರಿಗೆ ಕಪ್ಪಾಗುತ್ತದೆ ಅಂತ ಅಳೆದರೆ, ಎರಡು ವಾರ ಒಂದೇ ಉತ್ತರ ಎರಡು ಸಲ ಬರಲಿಲ್ಲ. ಗೈಡ್ ಬೈಯಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ನಾನು ಬೇಗ ಬೇಗ ಬಿಸಿ ಮಾಡುತ್ತಿದ್ದೆ, ಗಾಜಿನ ನಡುವಿನ ಬಿಸಿಗೂ ಮೀಟರ್ ತೋರಿಸುವ ಬಿಸಿಗೂ ಹೊಂದಿಕೆ ಇರುತ್ತಿರಲಿಲ್ಲ. ಅದು ನನಗೇ ಹೊಳೆಯುವ ತನಕ ಅವರು ಕಾದರು.

ಆ ವರ್ಷವೂ ಪರೀಕ್ಷೆ ಮುಂದೆ ಹೋಯಿತು! ಗೈಡ್‌ಗೆ ಮೇಲ್ ಹಾಕಿದೆ. "ಪರೀಕ್ಷೆ ಮುಗಿಸಿಕೊಂಡೇ ಬಾಮ್ಮ" ಅಂದರು. ಅಷ್ಟೇ.

ಓಡಾಟಕ್ಕೆ ಶಕ್ತಿ ಯೋಜನೆ ಇದೆ. ರಾಜಾಜಿನಗರದಿಂದ ಬಸ್ಸಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ.

ಫೆಲೋಶಿಪ್‌ನಲ್ಲೂ ಒಂದು ಕಷ್ಟ ಇದೆ. ಸಿಗುತ್ತೆ ಅನ್ನುವ ಗ್ಯಾರಂಟಿ ಇಲ್ಲ. ನನ್ನ ಕ್ಲಾಸಿನಿಂದ ಐದು ಜನ ಹಾಕಿದ್ದೆವು, ಇಬ್ಬರಿಗೆ ಸಿಕ್ಕಿತು. ಅರ್ಜಿ ಹಾಕಿದ್ದು ನವೆಂಬರ್‌ನಲ್ಲಿ, ಮೇಲ್ ಬಂದಿದ್ದು ಮಾರ್ಚ್‌ನಲ್ಲಿ. ಈ ನಡುವೆ ಜನವರಿಯಲ್ಲೇ ಖಾಸಗಿಯವರ ಫೋನ್ ಶುರುವಾಗುತ್ತದೆ, ಈ ವಾರ ಕಟ್ಟಿದರೆ ಡಿಸ್ಕೌಂಟ್ ಅಂತ. ಮೊದಲ ವರ್ಷ ನಾವು ಆ ಗಾಬರಿಯಲ್ಲೇ ಕಟ್ಟಿದ್ದು. ದಯವಿಟ್ಟು ಹಾಗೆ ಮಾಡಬೇಡಿ. ಕಟ್ಟಲೇಬೇಕು ಅಂತಿದ್ದರೆ, ಪರೀಕ್ಷೆ ಮುಂದೆ ಹೋದರೆ ಏನು ಮಾಡುತ್ತೀರಿ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಇನ್ನೂ ಚಿಕ್ಕ ಮಕ್ಕಳಾದರೆ ಚೌಡಯ್ಯ ರಸ್ತೆಯ ನೆಹರು ತಾರಾಲಯದಿಂದ ಶುರು ಮಾಡಿ. ಬಿಎಸ್ಸಿಯವರಿಗೆ ಅಲ್ಲೇ ರೀಪ್ (REAP) ಅಂತ, ಸಂಶೋಧನೆಗೆ ತಯಾರು ಮಾಡುವ ತರಗತಿಗಳಿವೆ. ಫೆಲೋಶಿಪ್ ಸಿಗದ ನನ್ನ ಗೆಳತಿ ಅದಕ್ಕೆ ಸೇರಿಕೊಂಡಳು, ಖುಷಿಯಾಗಿದ್ದಾಳೆ.

ಮನೆಯಲ್ಲಿ ದುಡ್ಡಿಗೆ ತೊಂದರೆ ಇಲ್ಲ, ಮಗುವಿಗೆ ಹೊಸಬರ ಜೊತೆ ಬೆರೆಯುವ ಅಭ್ಯಾಸ ಆಗಲಿ ಅನ್ನುವವರು ಖಾಸಗಿಯದಕ್ಕೆ ಕಳಿಸಬಹುದು. ನಾನು ನಿಧಾನವಾಗಿ ಕಲಿಯುವವಳು, ಒಂದೇ ವಿಷಯ ಹಿಡಿದು ಕೂರುವವಳು. ನನಗೆ ಮೂರು ವಾರ ಸಾಲುವುದಿಲ್ಲ. ಚೀಟಿ ದುಡ್ಡಿನಲ್ಲಂತೂ ಯಾರೂ ಹೋಗಬೇಡಿ. ಅಪ್ಪನ ಚೀಟಿಗೆ ಇನ್ನೂ ಏಳು ಕಂತು ಬಾಕಿ ಇದೆ. ಸ್ಟೈಪೆಂಡ್ ಬಂದ ಮೇಲೆ ಮೂರು ಕಂತು ನಾನೇ ಕಟ್ಟಿದೆ.